ಮೈಕು ಆಫ್ ಆಗಿದ್ದ ಹೊತ್ತು

ನನ್ನ ಸೋದರತ್ತೆ ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಒಂದೇ ಸೂರಿನಡಿ ನೂರಾರು ಮಗ್ಗ ಬಡಿದುಕೊಳ್ಳುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿನ ಹೆಂಗಸರು ಬರೀ ತುಟಿ ನೋಡಿ ಮಾತಾಡಿಕೊಳ್ಳುತ್ತಾರೆ. ಎರಡು ಸಾಲು ಆಚೆ ನಿಂತವಳ ಮನೆ ಜಗಳವೆಲ್ಲ ಅತ್ತೆಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಅವಳೆದುರು ಗುಸುಗುಸು ಮಾಡುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಪಕ್ಕದ ಮಗ್ಗದವಳು ಅವಳ ಜೀವದ ಗೆಳತಿ. ಆಳು ಗಿಡ್ಡ, ಎಲ್ಲರೂ ಗುಬ್ಬಿ ಎಂದೇ ಕರೆಯುವುದು. ನಾಲ್ಕು ತಿಂಗಳ ಹಿಂದೆ ಗುಬ್ಬಿಯ ಬಲಗೈಯ ಮೂರು ಬೆರಳನ್ನು ಮಗ್ಗ ತಿಂದುಹಾಕಿತು. ಬೆಲ್ಟಿನ ಮೇಲಿರಬೇಕಾದ ಕಬ್ಬಿಣದ ಮುಚ್ಚಳ ಅಂದು ಇರಲಿಲ್ಲ. ಕೆಲಸ ಬೇಗ ಸಾಗಲೆಂದು ಅವಳೇ ಬಿಚ್ಚಿಟ್ಟಿದ್ದಳು ಎಂದಿತು ಗಿರಣಿ. ಎಂಥ ನಾಚಿಕೆಗೇಡು! ಆಸ್ಪತ್ರೆಯಲ್ಲಿ ಮಲಗಿದ್ದವಳ ತಲೆಗೆ ಮ್ಯಾನೇಜರು, ಮೇಸ್ತ್ರಿ ಒಬ್ಬರಾದ ಮೇಲೊಬ್ಬರು ಬಂದು ಇದನ್ನೇ ತುಂಬಿದರು. ಕೊನೆಗೆ ಅವಳೂ, "ನಾನೇ ಬಿಚ್ಚಿರ್ಬೇಕು ಕಣೇ, ನೆನಪಿಲ್ಲ ಅಷ್ಟೆ," ಎನ್ನತೊಡಗಿದಳು. ಮಕ್ಕಳ ಮುಖ ನೋಡಿ ಮಾತಾಡುವುದನ್ನೂ ಬಿಟ್ಟಳು.

ತನಿಖಾ ಸಮಿತಿ ಬಂತು. ಮ್ಯಾನೇಜರನ್ನು ವಿಚಾರಿಸುವ ದಿನ ಕೆಲಸಗಾರರನ್ನು ಒಳಗೆ ಬಿಡಲಿಲ್ಲ. ವಿಡಿಯೊ ವೆಬ್‌ಸೈಟಿಗೆ ಹಾಕುತ್ತೇವೆ, ಬೇಕಾದವರು ನೋಡಿಕೊಳ್ಳಿ ಎಂದರು. ನೋಡಿಕೊಳ್ಳುವುದೇನು ಮಣ್ಣು! ಫೋನಿನಲ್ಲಿ ಮ್ಯಾನೇಜರನ ತಲೆ ಬಟಾಣಿ ಕಾಳಿನಷ್ಟಿತ್ತು. "ಬಾಯಿ ಕಾಣ್ತಿಲ್ಲ. ದೊಡ್ಡದ್ರಲ್ಲಿ ಹಾಕು," ಎಂದಳು ಅತ್ತೆ.

ನಮ್ಮ ಟೀವಿಗೆ ಆರು ವರ್ಷ, ಗುಂಡುಕಲ್ಲಿನ ಹಾಗಿದೆ. ಆದರೂ ವಿಡಿಯೊ ಆ್ಯಪ್ ಒತ್ತಿದರೆ, ಈ ಮಾದರಿಗೆ ಇನ್ನು ಸೌಲಭ್ಯವಿಲ್ಲ, ಹೊಸ ಟೀವಿ ಕೊಳ್ಳಿ ಎನ್ನುತ್ತದೆ. ಇದ್ದದ್ದನ್ನೇ ಓಡಿಸಿದರೆ ಇವರಪ್ಪನ ಮನೆ ಗಂಟೇನು ಹೋಗುತ್ತಿತ್ತೋ! ಉಳಿದದ್ದು ಮೂಲೆಯಲ್ಲಿ ಬಿದ್ದಿದ್ದ ಬ್ರೌಸರ್ ಒಂದೇ. ರಿಮೋಟಿನ ಬಾಣ ಒತ್ತೊತ್ತಿ, ಒಂದೊಂದೇ ಅಕ್ಷರ ಆರಿಸಿ, ಮಾರುದ್ದದ ವಿಳಾಸ ಹೊಡೆದೆ. ಇನ್ನೇನು ಮುಗಿಯಿತು ಎನ್ನುವಾಗ ಬೆರಳು ತಪ್ಪಿ ಎಲ್ಲ ಅಳಿಸಿಹೋಯಿತು. ಮತ್ತೆ ಹೊಡೆದೆ. ಕುಕಿಗೆ ಒಪ್ಪಿಗೆ ಕೊಡಿ ಎಂದಿತು, ಬ್ರೌಸರ್ ಹಳೆಯದು ಎಂದು ಹಂಗಿಸಿತು. ಚಿತ್ರ ಬಂದರೆ ಅಂಗೈಯಗಲ. ದೊಡ್ಡದು ಮಾಡುವ ಗುಂಡಿಯ ಹತ್ತಿರ ಬಾಣ ಹೋಗಲೊಲ್ಲದು. ರಿಮೋಟನ್ನು ಗೋಡೆಗೆ ಬೀಸುವುದೊಂದು ಬಾಕಿ. ಅತ್ತೆ ಮಾತ್ರ ಕುರ್ಚಿ ಹತ್ತಿರಕ್ಕೆಳೆದುಕೊಂಡು ಅಲ್ಲಾಡದೆ ಕೂತಿದ್ದಳು.

ಅಂತೂ ಚಿತ್ರ ಪರದೆ ತುಂಬ ಬಂತು, ಮ್ಯಾನೇಜರನ ಬಾಯಿ ಕಾಣುವಷ್ಟು. ಅರ್ಧ ಗಂಟೆ ಸುಳ್ಳಿನ ಕಂತೆ. ಆಮೇಲೆ ಸಮಿತಿಯವರು ಚಹಾಕ್ಕೆ ಎದ್ದರು. ಮೈಕು ಆಫ್ ಮಾಡಿದ್ದ ಪುಣ್ಯಾತ್ಮರು ಕ್ಯಾಮೆರಾ ಮರೆತಿದ್ದರು. ಮ್ಯಾನೇಜರ್ ಪಕ್ಕದಲ್ಲಿದ್ದ ಮೇಸ್ತ್ರಿಯತ್ತ ಬಾಗಿ ಏನೋ ಹೇಳಿದ. ಅತ್ತೆ ದಡಕ್ಕನೆ ಎದ್ದಳು. "ಇನ್ನೊಂದ್ಸಲ ಹಾಕು!"

ಸ್ವಲ್ಪ ಹಿಂದಕ್ಕೆ ಸರಿಸಿದರೆ ಹಾಳಾದ ಬ್ರೌಸರ್ ಮೊದಲಿಂದ ಶುರು ಮಾಡಿತು. ಅದೇ ಸುಳ್ಳನ್ನು ಮತ್ತೆ ಅರ್ಧ ಗಂಟೆ ಕೇಳಿದೆವು. ಆ ಜಾಗ ಬಂದಾಗ ಅತ್ತೆ ಅವನ ತುಟಿಯ ಜೊತೆಜೊತೆಗೇ ಹೇಳುತ್ತ ಹೋದಳು: "'ರಿಪೇರಿ ಪುಸ್ತಕ ಕೇಳಿದ್ರೆ ಕಳೆದೋಗಿದೆ ಅನ್ನು. ಮುಚ್ಚಳ ನಾವೇ ಬಿಚ್ಚಿಸಿದ್ದು ಅದ್ರಲ್ಲಿದೆ.'" ನನಗಂತೂ ಮೈಯೆಲ್ಲ ಉರಿದುಹೋಯಿತು.

ಕೆಲಸಗಾರರ ಸರದಿಯ ದಿನ ಮ್ಯಾನೇಜರನೂ ಮುಂದೆ ಕೂತಿದ್ದ. ಅತ್ತೆ ಎದ್ದು ನಿಂತು ಇದನ್ನೇ ಹೇಳಿದಳು. ಅಧ್ಯಕ್ಷರು ನಕ್ಕರು. "ದನೀನೇ ಇಲ್ವಲ್ಲಮ್ಮ, ಹೇಗೆ ನಂಬೋದು?" ಎಂದವರೇ ಮೈಕನ್ನು ಕೈಯಿಂದ ಮುಚ್ಚಿ ಪಕ್ಕದವರಿಗೆ ಏನೋ ಪಿಸುಗುಟ್ಟಿದರು.

"'ಈ ಮುದುಕೀನ ಬೇಗ ಸಾಗಹಾಕಿ, ಊಟದ ಹೊತ್ತಾಯ್ತು' ಅಂದ್ರಿ," ಎಂದಳು ಅತ್ತೆ. "ಊಟ ಮಾಡಿ ಸ್ವಾಮಿ, ಯಾರು ಬೇಡ ಅಂದ್ರು? ಮೊದ್ಲು ಆ ಪುಸ್ತಕ ತರ್ಸಿ."

ಅಧ್ಯಕ್ಷರ ಮುಖ ಕೆಂಪಾಯಿತು. ಗಿರಣಿಯ ಆಫೀಸಿಗೆ ತಮ್ಮವರನ್ನೇ ಕಳಿಸಿ ಪುಸ್ತಕ ತರಿಸಲೇಬೇಕಾಯಿತು. ಅಪಘಾತಕ್ಕೆ ಮೂರು ದಿನ ಮೊದಲಿನ ಪುಟದಲ್ಲಿ ಗುಬ್ಬಿಯ ಮಗ್ಗದ ನಂಬರು, ಮುಚ್ಚಳ ಬಿಚ್ಚಿಸಲಾಗಿದೆ ಎಂಬ ಒಕ್ಕಣೆ, ಕೆಳಗೆ ಮೇಸ್ತ್ರಿಯ ಸಹಿ. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು.

ಹಿಂದಿನ ಬೆಂಚಿನಲ್ಲಿದ್ದ ಗುಬ್ಬಿ ಅತ್ತೆಯ ತೋಳು ಹಿಡಿದುಕೊಂಡಳು. "ಹಾಗಾದ್ರೆ ನಾನಲ್ವೇನೇ?"

"ಅಲ್ಲ ಕಣೇ, ನೀನಲ್ಲ."

ಗುಬ್ಬಿ ಅದನ್ನೇ ಮತ್ತೆ ಕೇಳಿದಳು, ಮತ್ತೂ ಒಮ್ಮೆ ಕೇಳಿದಳು. ಪ್ರತಿ ಸಲವೂ ಅತ್ತೆ ಅದೇ ಮಾತು ಹೇಳಿದಳು, ಮ್ಯಾನೇಜರನಿಗೆ ಕೇಳಿಸುವಷ್ಟು ಜೋರಾಗಿ.