ಲಗ್ನಪತ್ರಿಕೆಯ ಬೆನ್ನ ಮೇಲಿನ ಇತಿಹಾಸ

ಸದಲಗಾದ ಮಂಗಲ ಅಕ್ಕೋರ ಲಗ್ನಪತ್ರಿಕೆಯನ್ನು ಆ ಊರಿನ ಎಷ್ಟೋ ಮಕ್ಕಳು ಕೈಯಲ್ಲಿ ಹಿಡಿದಿದ್ದಾರೆ. ಲಗ್ನಕ್ಕೆ ಮಾತ್ರ ಯಾರೂ ಹೋಗಲಿಲ್ಲ. ಅದು ಆಗಲೇ ಇಲ್ಲ.

ಎಂಬತ್ತೇಳನೇ ಇಸವಿಯ ಮಾತು. ಅಕ್ಕೋರು ಬಿ.ಎಡ್. ಮುಗಿಸಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಇತಿಹಾಸ ಕಲಿಸುತ್ತಿದ್ದರು. ತಂದೆ ಕಾಕಾಸಾಹೇಬರು ಕೊಲ್ಲಾಪುರದ ಕಡೆಗೆ ಹಾಲು ಕಳಿಸುವ ವ್ಯಾಪಾರಿ. ಹಾಲಿಗೆ ನೀರು ಬೆರೆಸದ ಕಾರಣ ಅವರ ಹೆಸರು ಗಟ್ಟಿಯಾಗಿತ್ತು, ವ್ಯಾಪಾರ ತೆಳ್ಳಗಿತ್ತು. ಕಾಗವಾಡದ ಪಾರಿಸ ಎಂಬ ವರ ಗೊತ್ತಾದ. ನಿಪ್ಪಾಣಿಯ ಪ್ರೆಸ್ಸಿನಿಂದ ಪತ್ರಿಕೆಯ ಕಟ್ಟುಗಳು ಬಂದ ವಾರವೇ ವರನ ತಂದೆಯೂ ಬಂದರು. ಚಹಾ ಕುಡಿದು, ಬಶಿ ಕೆಳಗಿಟ್ಟು, ಬಂದ ಕೆಲಸ ಹೇಳಿದರು.

"ಲಗ್ನ ಆದ ಮ್ಯಾಲೆ ನೌಕರಿ ಬಿಡಬೇಕ್ರಿ. ನಮ್ಮ ಮನ್ಯಾಗ ಹೆಣ್ಮಕ್ಕಳು ಹೊರಗ ದುಡ್ಯಾಂಗಿಲ್ಲ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಮಂಗಲ ಅಲ್ಲಿಂದಲೇ ಅಂದರು: "ನೌಕರಿ ಬಿಡಾಂಗಿಲ್ರಿ. ಮೊದಲ ಹೇಳಿದ್ವಲ್ಲ."

"ಹಂಗಾದ್ರ ನಾವ ಬಿಡ್ತೀವಿ."

ಬಿಟ್ಟರು. ಮನೆಯಲ್ಲಿ ಉಳಿದದ್ದು ಪತ್ರಿಕೆಯ ರಾಶಿ. ತಾಯಿ ಕಮಲಾಬಾಯಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಪ್ರತಿಯೊಂದರ ತಲೆಯ ಮೇಲೂ 'ಶ್ರೀ ವೀತರಾಗಾಯ ನಮಃ' ಎಂದಿತ್ತು. "ದೇವರ ಹೆಸರೈತಿ, ಸುಡಾಕ ಬರಾಂಗಿಲ್ಲ. ಹೊಳಿಗೆ ಬಿಟ್ರ ಮುಂದಿನ ಊರಾಗ ಆರಿಸ್ಕೊಂಡ ಓದ್ತಾರ," ಎಂಬುದು ಅವರ ಸಂಕಟ. ಅಂದಿನಿಂದ ಅವರು ಯಾರ ಲಗ್ನಕ್ಕೂ ಹೋಗಲಿಲ್ಲ. ಅಕ್ಷತೆ ಬೀಳುವ ಮುನ್ನವೇ ಯಾರಾದರೊಬ್ಬರು "ನಿಮ್ಮ ಮಂಗಲಾಂದು ಏನಾತ್ರಿ?" ಎಂದು ಕೇಳುತ್ತಾರೆ ಎಂಬ ಅಂಜಿಕೆ. ಮಗಳ ಲಗ್ನ ಮುರಿದರೂ ಮಗಳು ದಿನಾ ಶಾಲೆಗೆ ಹೋಗುತ್ತಿದ್ದಳು. ಮನೆ ಸೇರಿ ಕೂತವರು ತಾಯಿ. ಅವರನ್ನು ಹೊರಗೆ ತರುವುದೇ ಮಂಗಲ ಅಕ್ಕೋರ ಚಿಂತೆಯಾಯಿತು.

ಶಾಲೆಯ ಸ್ಥಿತಿ ಬೇರೆ. ಇತಿಹಾಸ ಕಲಿಸಲು ಅಲ್ಲಿದ್ದದ್ದು ಒಂದೇ ನಕಾಶೆ. ಬೆಳಗಾವಿ ಜಿಲ್ಲೆ ಇರಬೇಕಾದ ಜಾಗವನ್ನು ಇಲಿ ತಿಂದಿತ್ತು. ಆಯೋಗಗಳ ಕೈಯಲ್ಲಿ ಆಗದ ಗಡಿ ತಂಟೆಯನ್ನು ಅದು ಒಂದೇ ರಾತ್ರಿಯಲ್ಲಿ ಮುಗಿಸಿತ್ತು. ಚಾರ್ಟು ಬರೆಯಲು ದಪ್ಪ ಕಾಗದ ಕೇಳಿದರೆ ಹೆಡ್‌ಮಾಸ್ತರರು "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು. ಅವರ ಮುಂದಿನ ವರ್ಷ ಯಾವ ಪಂಚಾಂಗದಲ್ಲೂ ಇರಲಿಲ್ಲ.

ಒಂದು ದೀಪಾವಳಿಗೆ ಅಟ್ಟ ಝಾಡಿಸುವಾಗ ಸೀರೆಯ ಗಂಟು ಕೆಳಗೆ ಬಂತು. ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ.

"ಅವ್ವಾ, ಇವು ಸಾಲಿಗೆ ಆಗ್ತಾವ."

"ಹುಚ್ಚ ಹಿಡದೈತೇನ ನಿನಗ? ಹುಡುಗೂರು ಓದಿದ್ರ?"

"ಮುಂದಿನ ಮಗ್ಗಲ ಕಾಣದಂಗ ಮಾಡ್ತೀನಿ."

"ಒಂದ ಅಕ್ಷರ ಹೊರಗ ಕಂಡ್ರೂ ನಾ ಮತ್ತ ಹೊಸ್ತಿಲಾ ದಾಟಾಂಗಿಲ್ಲ ನೋಡ, ಹೇಳಿರ್ತೀನಿ."

ಅಕ್ಕೋರು ಎರಡೆರಡು ಪತ್ರಿಕೆಗಳನ್ನು ಎದುರುಬದುರು ಇಟ್ಟು ಮೈದಾ ಅಂಟಿನಿಂದ ಅಂಟಿಸಿದರು. ಒಳಗೆ ವಧೂವರರು ಮುಖಕ್ಕೆ ಮುಖ ಕೊಟ್ಟು ಕೂತರು, ಹೊರಗೆ ಎರಡೂ ಮಗ್ಗಲು ಬೆಳ್ಳಗಾದವು. ಒಂದು ಮಗ್ಗಲಿಗೆ ಇತಿಹಾಸದ ಒಂದು ಘಟನೆ, ಇನ್ನೊಂದಕ್ಕೆ ಪಠ್ಯದ ಪದ್ಯದ ಒಂದು ಸಾಲು. ಲಗ್ನಪತ್ರಿಕೆಗೆ ಪ್ರಶ್ನೆಪತ್ರಿಕೆಯಾಗಿ ಬಡ್ತಿ ಸಿಕ್ಕಿತು.

ಆಟ ಸರಳ. ಮಕ್ಕಳಿಗೆ ಒಂದೊಂದು ಪತ್ರಿಕೆ ಹಂಚಿ ಪಡಸಾಲೆಯಲ್ಲಿ ಬಿಡುವುದು. ಇಸವಿಯ ಪ್ರಕಾರ ಯಾರ ಹಿಂದೆ ಯಾರು ಎಂದು ಅವರೇ ಜಗಳಾಡಿ ಸಾಲಾಗಿ ನಿಲ್ಲಬೇಕು. "ಲೇ, ನೀ ಪ್ಲಾಸಿ ಕದನ, ನನ್ನ ಮುಂದ ನಿಂದರ್!" "ನಾ ಯಾಕ? ಪಾಣಿಪತದವನ್ನ ಸರಸು ಮೊದಲ, ಅವಾ ಮೂರ ಸಲ ಆಗ್ಯಾನ!" ಪಡಸಾಲೆಯಲ್ಲಿ ಹೊಸ ಯುದ್ಧಗಳೂ ನಡೆದವು. ಬೋರ್ಡಿನ ಮೇಲೆ ಬರೆದದ್ದು ಮರೆತುಹೋಗುತ್ತಿತ್ತು. ತಳ್ಳಾಡಿ ನಿಂತ ಜಾಗ ಮರೆಯುತ್ತಿರಲಿಲ್ಲ. ಪದ್ಯದ ಸಾಲು ತಪ್ಪಿ ನಿಂತರೆ ಓದಿದವರಿಗೇ ನಗು ಬಂದು, ತಾವೇ ಸರಿಮಾಡಿಕೊಳ್ಳುತ್ತಿದ್ದರು.

ತೊಂಬತ್ತೆರಡರಲ್ಲಿ ಚಿಕ್ಕೋಡಿಯಲ್ಲಿ ಶಿಕ್ಷಕರು ಮಾಡಿದ ಪಾಠೋಪಕರಣಗಳ ಪ್ರದರ್ಶನ ಏರ್ಪಟ್ಟಿತು. ಅಕ್ಕೋರು ತಾಯಿಯನ್ನು ಕಾಡಿ ಬೇಡಿ ಕರೆದುಕೊಂಡು ಹೊರಟರು. "ಅಲ್ಲಿ ನಿನ್ನ ಗುರ್ತಿನವರು ಯಾರ ಇರ್ತಾರ? ಒಂದ ದಿನಾ ಗಾಳಿಗೆ ಬಾ." ಕಮಲಾಬಾಯಿ ಸೆರಗು ಮುಂದೆಳೆದುಕೊಂಡು ಮಗಳ ಮೇಜಿನ ಹಿಂದೆ ಕೂತರು.

ತೀರ್ಪುಗಾರರು ಅಥಣಿಯ ನಿವೃತ್ತ ಹೆಡ್‌ಮಾಸ್ತರ ಮುರಗೆಪ್ಪನವರು. ಒಳ್ಳೆಯ ಮನುಷ್ಯ. ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಬಸ್ಸಿನ ಟಿಕೀಟನ್ನೂ ವಾಚನ ಮಾಡುತ್ತಿದ್ದರು. 'ಬಂಗಾಳದ ವಿಭಜನೆ' ಎಂದು ಬರೆದದ್ದನ್ನು ಎತ್ತಿಕೊಂಡು ಬಾಗಿಸಿ ನೋಡಿದರು. ಮೂರ್ನಾಲ್ಕು ಮಳೆಗಾಲ ಕಂಡ ಅಂಟು. ವಿಭಜನೆ ಆಗಿಯೇಬಿಟ್ಟಿತು.

"ಶ್ರೀ ವೀತರಾಗಾಯ ನಮಃ," ಎಂದು ಮುರಗೆಪ್ಪನವರ ಕಂಠ ಇಡೀ ಸಭಾಂಗಣಕ್ಕೆ ಕೇಳಿಸಿತು. "ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ ಮಂಗಲ... ಹಾಂ! ಇವು ನಿಮ್ಮ ಲಗ್ನದ್ದ ಏನ್ರಿ, ಅಕ್ಕೋರ? ಭಾಳ ಚಲೋ! ಎಲ್ಲಿ ಅದಾರ ಯಜಮಾನ್ರು? ಬಂದಾರೇನು?"

ಸುತ್ತ ಜನ ಸೇರಿತ್ತು. ಮಂಗಲ ಅಕ್ಕೋರು ತಿರುಗಿ ತಾಯಿಯನ್ನು ನೋಡಿದರು. ಕಮಲಾಬಾಯಿ ಎದ್ದು ನಿಂತಿದ್ದರು. ಬಾಗಿಲ ಕಡೆಗೆ ಹೊರಡುತ್ತಾರೆಂದುಕೊಂಡರೆ ಮೇಜಿನ ಮುಂದಕ್ಕೆ ಬಂದರು.

"ಬಂದಿಲ್ರಿ," ಎಂದರು. "ಅವರು ಲಗ್ನಕ್ಕೂ ಬರಲಿಲ್ಲ."

ಮುರಗೆಪ್ಪನವರು ಕನ್ನಡಕ ತೆಗೆದರು. "ತಪ್ಪಾತ್ರಿ, ತಾಯಿ..."

"ನಿಮ್ಮದೇನ ತಪ್ಪೈತ್ರಿ? ಸಾಲಿ ಬಿಡ ಅಂದ್ರು, ನನ್ನ ಮಗಳು ಒಲ್ಲೆ ಅಂದ್ಳು. ಪತ್ರಿಕಾದಾಗ ದೇವರ ಹೆಸರೈತಿ, ಸುಡಾಕ ಬರಾಂಗಿಲ್ಲ. ಅದಕ್ಕ ಸಾಲಿಗೆ ಹಾಕೀವಿ."

ಮಗುವನ್ನು ಶಾಲೆಗೆ ಹಾಕಿದೆವು ಅನ್ನುವ ಧಾಟಿಯಲ್ಲೇ ಅಂದರು. ಮೊದಲು ನಕ್ಕವಳು ರಾಯಬಾಗದಿಂದ ಬಂದಿದ್ದ ಶಿಕ್ಷಕಿ ಚನ್ನವ್ವ. ಅವಳ ನಗುವಿನಲ್ಲಿ ಕೊಂಕಿರಲಿಲ್ಲ. "ಅಮ್ಮಾರ, ನಮ್ಮ ಮನ್ಯಾಗ ಮೈದುನಂದೂ ನಾದಿನೀದೂ ಉಳದ ಪತ್ರಿಕಾ ಗಂಟಗಟ್ಲೆ ಬಿದ್ದಾವ. ಆದ ಲಗ್ನದ್ದು ನಡೀತೈತೇನು?"

"ಕಾಗದ ದಪ್ಪ ಇದ್ರ ಸಾಕು," ಎಂದರು ಕಮಲಾಬಾಯಿ.

ಮೊದಲ ಬಹುಮಾನ ಒಂದು ಥರ್ಮಾಕೋಲ್ ಕೋಟೆಗೆ ಹೋಯಿತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ, ಹಾಗಾಗಿ ಅಭೇದ್ಯವಾಗಿಯೇ ಉಳಿಯಿತು. ಮಂಗಲ ಅಕ್ಕೋರಿಗೆ ಒಂದು ಸ್ಟೀಲ್ ತಾಟು ಸಿಕ್ಕಿತು. ಅವರು ಹತ್ತು ಶಾಲೆಗಳಿಗೆ ಇಂಥವನ್ನು ಮಾಡಿಕೊಡಲು ಒಪ್ಪಿಕೊಂಡು ಬಂದರು. ಅಷ್ಟು ಪತ್ರಿಕೆ ಎಲ್ಲಿಂದ ತರುವುದು?

ಆ ಬೇಸಿಗೆಯಲ್ಲಿ ಭೋಜ ಗ್ರಾಮದ ಲಗ್ನವೊಂದರಲ್ಲಿ ಕಮಲಾಬಾಯಿ ಕಾಣಿಸಿಕೊಂಡರು. ಮದುಮಗಳ ತಾಯಿ, ದೂರದ ಸಂಬಂಧದ ಭೀಮಾಬಾಯಿ, ಓಡಿಬಂದು ಕೈಹಿಡಿದಳು.

"ಕಮಲಕ್ಕಾ! ಎಷ್ಟ ವರ್ಷಾತ ನಿನ್ನ ಮುಖಾ ಕಂಡು! ಬಾ, ಮೊದಲ ಊಟಾ ಮಾಡ."

ಕಮಲಾಬಾಯಿ ಕೈಯಲ್ಲಿದ್ದ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಊಟಾ ಆಮ್ಯಾಲೆ. ಎರಡೂ ಮಗ್ಗಲಾ ಯಾಕ ಛಾಪಿಸ್ದಿ ಇದನ್ನ?"

"ಏನ್ ಮಾಡ್ಲೇ ಯವ್ವಾ, ಒಬ್ಬರ ಹೆಸರ ಬಿಟ್ರೂ ಮಂದಿ ಸಿಟ್ಟಾಗ್ತಾರ."

"ಆದ್ರ ಆಗ್ಲಿ ಬಿಡ! ಎಲ್ಲಾ ಕಡೆ ಬೀಗರ ಹೆಸರ ತುಂಬಿಸಿದ್ರ, ಇತಿಹಾಸ ಎಲ್ಲಿ ಬರೀಬೇಕ ನಾವು?"