ನೇರಳೆ ಪೆನ್ಸಿಲ್ಲಿನ ಓಟು

ಬ್ಯಾಂಕಿನಲ್ಲಿ ಚೀಟಿ ಬರೆಯುವ ಮೊದಲು ನಾನು ಪೆನ್ನನ್ನು ಅಂಗೈ ಮೇಲೆ ಗೀಚಿ ನೋಡುತ್ತೇನೆ. ಬರೆಯದಿದ್ದರೆ ಕೌಂಟರಿನವರಿಗೆ ವಾಪಸು ಕೊಟ್ಟು ಬೇರೆ ಕೇಳುತ್ತೇನೆ. ನಿಮಗೆ ನಾಚಿಕೆಯಾಗುತ್ತದೆ. "ಅಜ್ಜೀ, ಎಲ್ರೂ ನೋಡ್ತಾವ್ರೆ, ಸುಮ್ನಿರು" ಅನ್ನುತ್ತೀರಿ. ಒಂದು ಸಲ ಸುಮ್ಮನಿದ್ದು ಏನಾಯಿತು ಎಂದು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಗುಬ್ಬಿ ಕಡೆಯ ಹಳ್ಳಿಯವಳು. ಅಲ್ಲಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಕುಣಿಗಲ್ ತಾಲ್ಲೂಕಿಗೆ, ಕೊತ್ತಗೆರೆಯಿಂದ ಆಚೆಗಿನ ಊರಿಗೆ ಸೊಸೆಯಾಗಿ ಬಂದೆ. ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಆಧಾರವಾಗಿದ್ದದ್ದು ಎರಡು ಹಸು. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮೂರಲ್ಲಿ ಹೆಂಗಸರದೇ ಹಾಲಿನ ಸಂಘ ಶುರುವಾಯಿತು. ಅದಕ್ಕೆ ಒಂಬತ್ತು ಜನ ಡೈರೆಕ್ಟರುಗಳು. ನನ್ನನ್ನೂ ಸೇರಿಸಿಕೊಂಡರು. ನಾನು ಓದಬಲ್ಲೆ, ಎದುರು ಮಾತಾಡುವುದಿಲ್ಲ. ಎರಡೂ ಅವರಿಗೆ ಬೇಕಾಗಿತ್ತು.

ಹಾಲು ಅಳೆಯುತ್ತಿದ್ದದ್ದು ದೊಡ್ಡಮನೆಯ ಜಗಲಿಯ ಮೇಲೆ. ಆ ಮನೆಯ ಯಜಮಾನಿಯೇ ಸಂಘದ ಅಧ್ಯಕ್ಷೆ. ನಾವೆಲ್ಲ ಜಗಲಿ ಹತ್ತಿ ಹಾಲು ಹಾಕುತ್ತಿದ್ದೆವು. ಕಾಲೋನಿಯ ಹೆಂಗಸರು ಹತ್ತುವಂತಿರಲಿಲ್ಲ. ಅವರು ಚರಂಡಿಯ ಆಚೆ ನಿಂತಿರಬೇಕು, ನಮ್ಮದೆಲ್ಲ ಮುಗಿದ ಮೇಲೆ ಅವರ ಸರದಿ. ಎಷ್ಟೋ ದಿನ ಅಷ್ಟರಲ್ಲಿ ಡೈರಿಯ ವ್ಯಾನು ಬಂದು ಹಾರನ್ ಹೊಡೆಯುತ್ತಿತ್ತು, ಕ್ಯಾನಿನ ಮುಚ್ಚಳ ಬೀಳುತ್ತಿತ್ತು. ಅವರು ತಂದ ಹಾಲನ್ನು ಹಾಗೇ ವಾಪಸು ಹೊತ್ತುಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ತೆಳ್ಳಗಿನ ಹೆಂಗಸು, ನನ್ನ ವಯಸ್ಸಿನವಳು, ಹೋಗುವಾಗ ನನ್ನತ್ತ ನೋಡಿ ನಗುತ್ತಿದ್ದಳು. "ಇವತ್ತೂ ನಮ್ಮನೇಲಿ ಹಾಲಿನ ಹಬ್ಬ ಕಣವ್ವ" ಅನ್ನುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಹಾಗಂತ ನಾನು ಏನನ್ನೂ ಹೇಳಲೂ ಇಲ್ಲ.

ಹೇಳಿದವಳು ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳೂ ಡೈರೆಕ್ಟರ್. ಅಧ್ಯಕ್ಷರ ಚುನಾವಣೆ ಬಂದಾಗ, ತಾನೂ ನಿಲ್ಲುತ್ತೇನೆ ಎಂದಳು.

"ನಾನು ಗೆದ್ದ ಮಾರನೇ ದಿನವೇ ಕ್ಯಾನು, ಅಳತೆ ಎಲ್ಲಾನೂ ಸ್ಕೂಲ್ ಪಕ್ಕದ ರೂಮಿಗೆ ಹೊತ್ಹಾಕ್ತೀನಿ. ಅಲ್ಲಿ ಜಗ್ಲಿನೂ ಇಲ್ಲ, ಹತ್ತೋದೂ ಇಲ್ಲ. ಮೊದ್ಲು ಬಂದೋರು ಮೊದ್ಲು ಹಾಕ್ಲಿ" ಎಂದಳು. ಆಮೇಲೆ ಬೆರಳು ಮಡಚಿ ಎಣಿಸಿದಳು. ಓಟು ಹಾಕುವ ಒಂಬತ್ತು ಡೈರೆಕ್ಟರುಗಳಲ್ಲಿ ದೊಡ್ಡಮನೆಗೆ ನಾಲ್ಕು, ನಮಗೆ ಐದು. "ಐದ್ನೇದು ನೀನು ಕಣೇ. ನಿನ್ ಮೇಲೆ ನಂಗೆ ಅನುಮಾನ ಇಲ್ಲ."

ಓಟು ನಡೆದದ್ದು ದೊಡ್ಡಮನೆಯ ನಡುಮನೆಯಲ್ಲಿ. ತಾಲ್ಲೂಕಿನಿಂದ ಒಬ್ಬ ಆಫೀಸರು ಬಂದಿದ್ದರು. ಒಂದೊಂದು ಚೀಟಿಯಲ್ಲೂ ಮೇಲೊಂದು ಕೆಳಗೊಂದು ಎರಡು ಹೆಸರು ಬರೆದಿದ್ದರು. ಬೇಕಾದವರ ಹೆಸರಿನ ಮುಂದೆ ಗುಣಿಸು ಗುರುತು ಹಾಕಿ, ಚೀಟಿಯನ್ನು ನಡುವೆ ಮಡಚಿ, ಡಬ್ಬಿಗೆ ಹಾಕಬೇಕು. ಮೂಲೆಯ ಮೇಜಿನ ಮೇಲೆ ಒಂದು ಬಾಲ್ ಪೆನ್ನನ್ನು ಹುರಿಯಲ್ಲಿ ಕಟ್ಟಿಟ್ಟಿದ್ದರು.

ಹಿತ್ತಲಲ್ಲಿ ಕ್ಯಾನು ತೊಳೆಯುತ್ತಿದ್ದ ನನ್ನನ್ನು ಕೊನೆಗೆ ಕೂಗಿದರು. ಒದ್ದೆ ಕೈಯಲ್ಲೇ ಓಡಿಬಂದು ಚೀಟಿ ಈಸಿಕೊಂಡೆ. ಅದು ಅಲ್ಲೇ ತೇವವಾಯಿತು. ಕೆಳಗಿದ್ದ ಅಕ್ಕನ ಹೆಸರಿನ ಮುಂದೆ ಪೆನ್ನಿಟ್ಟು ಎಳೆದೆ. ಜಾರಿತು, ಗೆರೆ ಬೀಳಲಿಲ್ಲ. ಒತ್ತಿ ಎಳೆದೆ. ಕಾಗದ ತರಚಿತೇ ಹೊರತು ಬಣ್ಣ ಹತ್ತಲಿಲ್ಲ. ಹಿಂದೆ ಆಫೀಸರು "ಆಯ್ತೇನಮ್ಮಾ?" ಎಂದರು. ಅಲ್ಲಿ ದೊಡ್ಡಮನೆಯ ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗಂಡ ಸತ್ತವಳು ನಾಲ್ಕು ಜನ ಗಂಡಸರ ಮುಂದೆ ದನಿ ಎತ್ತಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಇರಲಿಲ್ಲ. "ಸಾರ್, ಚೀಟಿ ಒದ್ದೆಯಾಗಿ ಪೆನ್ನು ಬರೀತಿಲ್ಲ, ಬೇರೆ ಚೀಟಿ ಕೊಡಿ." ಇಷ್ಟೇ ಮಾತು. ಅದನ್ನು ಆಡುವ ಬದಲು ಸೊಂಟದ ಸಂಚಿಗೆ ಕೈ ಹಾಕಿದೆ.

ನನ್ನ ಎಲೆಅಡಿಕೆ ಸಂಚಿಯಲ್ಲಿ ಒಂದು ಕಾಪಿಂಗ್ ಪೆನ್ಸಿಲ್ಲಿನ ತುಂಡು ಇತ್ತು. ನೀವು ಅದನ್ನು ನೋಡಿಲ್ಲ. ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಬಣ್ಣ ಬಿಡುವ ಪೆನ್ಸಿಲ್, ಅಳಿಸಿದರೂ ಹೋಗುವುದಿಲ್ಲ. ಹಾಲಿನ ಕಾರ್ಡು ಯಾವಾಗಲೂ ಒದ್ದೆಯಾಗಿರುತ್ತಿದ್ದುದರಿಂದ ನಮ್ಮ ಸಂಘದಲ್ಲಿ ಅದರಲ್ಲೇ ಬರೆಯುತ್ತಿದ್ದೆವು. ಒದ್ದೆ ಕಾಗದಕ್ಕೆ ಇದೇ ಸರಿ ಅನ್ನಿಸಿತು. ಚೆನ್ನಾಗಿ ಬೀಳಲಿ ಎಂದು ಎರಡು ಸಲ ನಾಲಿಗೆಗೆ ಒತ್ತಿಕೊಂಡು ಅಕ್ಕನ ಹೆಸರಿನ ಮುಂದೆ ದಪ್ಪಗೆ ಗುರುತು ಹಾಕಿದೆ. ಮಡಚಿ, ಡಬ್ಬಿಗೆ ಹಾಕಿ, ಬಾಗಿಲ ಪಕ್ಕ ಹೋಗಿ ನಿಂತೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಆಫೀಸರು ಒಂದೊಂದೇ ಚೀಟಿ ಬಿಡಿಸಿದರು. ನಾಲ್ಕು, ನಾಲ್ಕು. ಕೊನೆಯದನ್ನು ಬಿಡಿಸಿ, ಬೆಳಕಿಗೆ ಹಿಡಿದು ನಕ್ಕರು.

"ಇದೇನ್ರಮ್ಮಾ, ಯಾರೋ ಇಬ್ರಿಗೂ ಹಾಕವ್ರೆ! ಯಾರ್ಗೂ ಬೇಜಾರಾಗೋದು ಬ್ಯಾಡ ಅಂತಲಾ?"

ತೇವಕ್ಕೆ ನೇರಳೆ ಬಣ್ಣ ಹರಡಿತ್ತು. ಮಡಚಿದಾಗ ಒಂದು ಹೆಸರಿನ ಮುಂದಿನ ಗುರುತು ಇನ್ನೊಂದರ ಮುಂದೆಯೂ ಅಚ್ಚಾಗಿತ್ತು. ಗುಣಿಸು ಗುರುತು ತಿರುಗುಮುರುಗಾಗಿ ಬಿದ್ದರೂ ಅದೇ ಆಕಾರ, ಯಾವುದು ಹಾಕಿದ್ದು ಯಾವುದು ಅಚ್ಚಾದದ್ದು ಎಂದು ಗೊತ್ತಾಗುವಂತಿರಲಿಲ್ಲ.

ದೊಡ್ಡಮನೆಯ ಕಡೆಯ ಒಬ್ಬಳು, "ಇಬ್ರೂ ಆಗ್ಲಿ ಬುಡಿ ಸಾ, ಒಬ್ರು ಬೆಳಗಿನ ಹಾಲಿಗೆ, ಒಬ್ರು ಸಂಜೆ ಹಾಲಿಗೆ" ಎಂದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಆಫೀಸರ ಕೈಯಲ್ಲಿದ್ದ ನೇರಳೆ ಗುರುತನ್ನು ನೋಡಿದಳು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ತುಟಿಯ ಮೇಲೆ ಕಣ್ಣು ನಿಲ್ಲಿಸಿದಳು.

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಆ ಚೀಟಿ ನಂದು ಸಾರ್, ಕೆಳಗಿನದು ನಿಜವಾದ ಗುರುತು, ಮೇಲಿನದು ಮಡಚಿದಾಗ ಬಿದ್ದದ್ದು" ಅನ್ನಬಹುದಿತ್ತು. ಆದರೆ ಬಾಯಿ ತೆರೆದರೆ ನಾಲಿಗೆಯೆಲ್ಲ ನೇರಳೆ. ಜನರ ಮುಂದೆ ಅದನ್ನು ತೋರಿಸುವುದು ಹೇಗೆ ಎಂಬುದೊಂದೇ ಆಗ ನನ್ನ ಯೋಚನೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಓಟನ್ನು ತಳ್ಳಿಹಾಕಿದರು. ಸಮ ಆಯಿತೆಂದು ಎರಡು ಹೆಸರು ಬರೆದು, ಸುತ್ತಿ, ಒಂದು ಲೋಟಕ್ಕೆ ಹಾಕಿ ಆಫೀಸರೇ ಒಂದನ್ನು ಎತ್ತಿದರು. ದೊಡ್ಡಮನೆಗೆ ಬಂತು.

ದಾರಿಯಲ್ಲಿ ಅಕ್ಕ ಬೋರ್‌ವೆಲ್ ಹತ್ತಿರ ನಿಂತು, "ಮೊದ್ಲು ಬಾಯಿ ತೊಳ್ಕೊ" ಎಂದಳು. ಅವಳೇ ಹ್ಯಾಂಡಲ್ ಒತ್ತಿದಳು. "ನೀನು ಬೇಕೂಂತ ಮಾಡ್ದೆ ಅನ್ನಲ್ಲ ಕಣೇ. ಒಂದು ಮಾತು ಆಡಕ್ಕಾಗ್ಲಿಲ್ವಾ? ಒಂದೇ ಒಂದು ಮಾತು?" ನಾನು ಉಜ್ಜಿ ಉಜ್ಜಿ ತೊಳೆದೆ. ಬಣ್ಣ ಬೇಗ ಹೋಗಲಿಲ್ಲ.

ಮಾರನೇ ಬೆಳಗ್ಗೆ ಆ ತೆಳ್ಳಗಿನ ಹೆಂಗಸು ಚರಂಡಿಯ ಆಚೆ ಎಂದಿನಂತೆ ನಿಂತಿದ್ದಳು. "ಚೀಟಿ ನಮ್ ಕಡೆ ಬೀಳ್ಲಿಲ್ವಂತಲ್ಲವ್ವ. ನಮ್ ಹಣೇಬರ ಬುಡಿ" ಎಂದಳು. ಹಣೆಬರಹವಲ್ಲ, ನಾನು ಎಂದು ಹೇಳಬೇಕಿತ್ತು. "ಹೂಂ" ಎಂದೆ. ಅವತ್ತೂ ವ್ಯಾನು ಬೇಗ ಬಂತು.

ಐದು ವರ್ಷ ನಾನು ಪೆನ್ನನ್ನು ಬೈದುಕೊಂಡೇ ಕಳೆದೆ. ಹುರಿಯಲ್ಲಿ ಕಟ್ಟಿದ ಆ ದರಿದ್ರದ ಪೆನ್ನು ಬರೆದಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂಬುದೇ ನನ್ನ ಲೆಕ್ಕ. ಆ ವರ್ಷಗಳ ನಡುವೆ ಒಮ್ಮೆ ನಿಮ್ಮಮ್ಮನ ಬಾಣಂತನಕ್ಕೆಂದು ತುಮಕೂರಿಗೆ ಬಂದಿದ್ದೆ. ಪಕ್ಕದ ಮನೆಯ ಮೇಷ್ಟರು ಚುನಾವಣೆ ಕೆಲಸಕ್ಕೆ ಹೋಗಿಬಂದವರು. ದೊಡ್ಡ ಚುನಾವಣೆಗಳಲ್ಲಿ ಪೆನ್ನೇ ಇಲ್ಲ, ರಬ್ಬರ್ ಮುದ್ರೆ ಕೊಡುತ್ತೇವೆ, ಅದರ ಅಚ್ಚು ಮಡಚಿದಾಗ ತಿರುಗುಮುರುಗಾಗಿ ಬೀಳುತ್ತದೆ, ಅದರಿಂದ ಯಾವುದು ನಿಜವಾದದ್ದು ಎಂದು ಗೊತ್ತಾಗುತ್ತದೆ ಎಂದರು. "ಅಂಥ ಓಟನ್ನ ತಳ್ಳಿಹಾಕಂಗಿಲ್ಲಮ್ಮ" ಎಂದೂ ಹೇಳಿದರು. ನನಗೆ ಎರಡು ದಿನ ಊಟ ಸೇರಲಿಲ್ಲ.

ಮುಂದಿನ ಚುನಾವಣೆ ಬರುವ ಹೊತ್ತಿಗೆ ತವರಿಗೆ ಹೋಗಿದ್ದವಳು ಗುಬ್ಬಿಯ ಪೇಟೆಯಲ್ಲಿ ಇಳಿದು ಪುಸ್ತಕದ ಅಂಗಡಿಗೆ ಹೋದೆ. ಅಂಗಡಿಯ ಸಾಬರು ನಾಲ್ಕಾರು ಪೆನ್ನು ಮುಂದಿಟ್ಟರು. ನಾನು ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಕಾಗದ ಒದ್ದೆ ಮಾಡಿ, ಒಂದೊಂದರಲ್ಲೂ ಗುಣಿಸು ಗುರುತು ಹಾಕಿ, ಮಡಚಿ, ಬಿಡಿಸಿ ನೋಡಿದೆ.

"ಏನಮ್ಮಾ, ನೀರೊಳಗೆ ಕೂತು ಪರೀಕ್ಷೆ ಬರೀತೀರಾ? ಮೀನು ಕೊಳ್ಳೋರೂ ಇಷ್ಟು ಆರಿಸಲ್ಲ" ಎಂದರು ಸಾಬರು. ನನಗೂ ನಗು ಬಂತು. ಕೊನೆಗೆ ಒಂದು ದಪ್ಪ ಮೊನೆಯ ನೀಲಿ ಪೆನ್ನು ಸಿಕ್ಕಿತು. ಒದ್ದೆಯಲ್ಲೂ ಬರೆಯಿತು, ಮಡಚಿದರೂ ಹರಡಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ತಂದೆ.

ಅಕ್ಕನಿಗೆ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು. "ನಂಗೆ ಸಾಕು ಕಣೇ, ಮಂಡಿನೋವು ಬೇರೆ. ನಾನು ನಿಲ್ಲಲ್ಲ. ನೀನೇ ನಿಂತ್ಕೊ. ನಿನ್ ಹೆಸ್ರು ನಾನು ಹೇಳ್ತೀನಿ, ನೀನು ಎದ್ದು ಒಪ್ಗೆ ಅಂದ್ರೆ ಆಯ್ತು. ಆ ನಾಲ್ಕು ಓಟು ಎಲ್ಲೂ ಹೋಗಲ್ಲ, ಐದ್ನೇದು ನಿನ್ ಕೈಯಾಗೇ ಐತೆ."

ಅದೇ ನಡುಮನೆ, ಬೇರೆ ಆಫೀಸರು. ದೊಡ್ಡಮನೆಯವರ ಹೆಸರು ಹೇಳಿದರು. ಅಕ್ಕ ನನ್ನ ಹೆಸರು ಹೇಳಿದಳು. ಆಫೀಸರು ನನ್ನತ್ತ ತಿರುಗಿ, "ಏನಮ್ಮ, ಒಪ್ಗೆನಾ?" ಎಂದರು. ನನ್ನ ಕೈ ಒಣಗಿತ್ತು. ನಾಲಿಗೆಯ ಮೇಲೆ ಯಾವ ಬಣ್ಣವೂ ಇರಲಿಲ್ಲ. ಸೆರಗಿನ ಗಂಟಿನಲ್ಲಿ ಪೆನ್ನಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದ ಯಜಮಾನರೂ ನೋಡುತ್ತಿದ್ದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಓಟು ನಡೆಯಲಿಲ್ಲ. ಅವಿರೋಧ ಆಯ್ಕೆ ಎಂದು ಬರೆದು ಪುಸ್ತಕವನ್ನು ಎಲ್ಲರ ಮುಂದೆ ಸಹಿಗೆ ತಂದರು. ಅಕ್ಕ ಸಹಿ ಮಾಡಿ, ನನ್ನ ಮುಖ ನೋಡದೆ ಎದ್ದು ಹೋದಳು. ನನ್ನ ಸರದಿ ಬಂದಾಗ, ಸಂಘದ ಪೆನ್ನು ಸರಿಯಾಗಿ ಬರೆಯುತ್ತಿಲ್ಲ, ನಿಮ್ಮ ಹತ್ತಿರ ಇದೆಯಾ ಎಂದು ಆಫೀಸರು ಕೇಳಿದರು. ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ಅವರು ಮೊದಲು ತಾವು ಏನೋ ಬರೆದುಕೊಂಡು, "ಒಳ್ಳೇ ಪೆನ್ನು" ಎಂದು ನನಗೆ ವಾಪಸು ಕೊಟ್ಟರು. ನಾನು ಸಹಿ ಮಾಡಿದೆ. ಎಲ್ಲೂ ತಡೆಯದೆ ಬರೆಯಿತು.