ಉಳಿದುಬಿಟ್ಟ ಪಿನ್ನು

ಆ ಕಾರನ್ನು ನಮ್ಮವರು ಮನೆಗೆ ತಂದ ದಿನ ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಬಿಳಿ ಬಣ್ಣದ ಸಣ್ಣ ಕಾರು, ನಮಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದದ್ದು. ಎಡಗಡೆಯ ಹಿಂದಿನ ಬಾಗಿಲಿನ ಬಿಳುಪು ಉಳಿದ ಮೈಯ ಬಿಳುಪಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಅಂದರೆ ಅಲ್ಲಿ ಯಾವಾಗಲೋ ಏನೋ ಬಡಿದಿದೆ, ಒಳಗೆ ಕೂತವರಿಗೆ ಏನಾಗಿತ್ತೋ ಎಂದು ನನ್ನ ತಲೆ ಓಡಿತು. ಕೇಳಿದರೆ ನಮ್ಮವರು ನಕ್ಕರು.

"ಹಳೇ ಗಾಡಿ ಅಂದ್ಮೇಲೆ ಒಸಿ ಗೀರು ಗಾಯ ಇದ್ದೇ ಇರ್ತದೆ ಕಣಮ್ಮಿ. ನಿಂದೊಂದು ಅತಿ."

ನಂದು ಅತಿಯೇ. ಒಪ್ಪಿಕೊಳ್ಳುತ್ತೇನೆ. ಆಗ ನಾವು ಕನಕಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾವಿಬ್ಬರು, ಐದು ವರ್ಷದ ಮಗಳು, ಅತ್ತೆ. ನಮ್ಮವರು ಗ್ರಾನೈಟ್ ಪಾಲಿಶ್ ಮಾಡುವ ಕಡೆ ಮೇಲ್ವಿಚಾರಕರು. ನಾನು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಿದ್ದೆ. ನಾನು ಕೆಲಸಕ್ಕೆ ಸೇರಿದಾಗ ಫ್ಯಾಕ್ಟರಿಯ ಕಿಟಕಿಯಿಂದ ರಾಗಿ ಹೊಲ ಕಾಣುತ್ತಿತ್ತು; ಎರಡು ವರ್ಷಕ್ಕೆ ಅಲ್ಲೂ ಶೆಡ್ಡು ಎದ್ದಿತು. ಯಂತ್ರಗಳಿಗೆ ಹಾಕುವ ಸಣ್ಣ ಲೋಹದ ತುಂಡುಗಳನ್ನು ಬೆಳಕಿಗೆ ಹಿಡಿದು, ಬಿರುಕಿದೆಯೇ ಎಂದು ನೋಡುವುದು ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ ಬಿರುಕು ಹುಡುಕುವವಳಿಗೆ ಮನೆಗೆ ಬಂದ ಮೇಲೂ ಬಿರುಕೇ ಕಾಣುತ್ತದೆ.

ಕಾರು ಬಂದ ಮೊದಲ ತಿಂಗಳಲ್ಲೇ ಒಂದು ಘಟನೆ ನಡೆಯಿತು. ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿಕೊಂಡು ರಾಮನಗರಕ್ಕೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಬಾನೆಟ್ ಒಮ್ಮೆಲೆ ಎದ್ದು ಮುಂದಿನ ಗಾಜಿಗೆ ಅಪ್ಪಳಿಸಿತು. ರಸ್ತೆ ಕಾಣಲಿಲ್ಲ, ಎದುರಿಗೆ ಬರೀ ಬಿಳಿ ತಗಡು. ನಮ್ಮವರು ಅಂದಾಜಿನ ಮೇಲೆ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ನಮ್ಮನ್ನು ಸವರಿಕೊಂಡೇ ಒಂದು ಲಾರಿ ಹೋಯಿತು. ಗ್ಯಾರೇಜಿನವನು ಬಾನೆಟ್ಟಿನ ಕೊಂಡಿಯನ್ನು ಸರಿಯಾಗಿ ಕೂರಿಸಿರಲಿಲ್ಲ. ನನ್ನ ತೊಡೆಯ ಮೇಲಿದ್ದ ಮಗಳು ಅದೊಂದು ಆಟ ಎಂದುಕೊಂಡು ನಕ್ಕಳು. ಅವತ್ತೇ ತೀರ್ಮಾನ ಮಾಡಿದೆ: ಈ ಗಾಡಿಗೆ ಇನ್ನು ಬೇರೆಯವರ ಕೈ ಬೇಡ. ಎಲ್ಲರೂ ನನಗೆ ಅದರಲ್ಲಿ ಆಸಕ್ತಿ ಎಂದುಕೊಂಡಿದ್ದರು. ಆಸಕ್ತಿಯೂ ಅಲ್ಲ, ಎಂಥದೂ ಅಲ್ಲ. ನನ್ನನ್ನು ಮೆಕ್ಯಾನಿಕ್ ಮಾಡಿದ್ದು ಭಯ.

ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಪ್ಲಗ್ ಬಿಚ್ಚಿ ಮರಳುಕಾಗದದಲ್ಲಿ ಉಜ್ಜುವುದು, ಆಯಿಲ್ ಇಳಿಸುವುದು, ಬ್ಯಾಟರಿಯ ಮೇಲೆ ಕೂತ ಬಿಳಿ ಪುಡಿಯನ್ನು ಬಿಸಿನೀರು ಹೊಯ್ದು ತೊಳೆಯುವುದು, ಒಂದೊಂದೇ ಕಲಿತೆ. ನಮ್ಮವರ ಬಟ್ಟೆಯಿಂದ ಉದುರಿದ ಕಲ್ಲಿನ ಪುಡಿ ಸೀಟಿನ ಸಂದಿಯಲ್ಲೆಲ್ಲ ಸೇರಿಕೊಳ್ಳುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನು ಕೆದಕಿ ತೆಗೆದು, ಡ್ಯಾಶ್‌ಬೋರ್ಡಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಮೈಗೆ ಪಾಲಿಶ್ ಹಚ್ಚಿ ಪಂಚೆಯ ತುಂಡಿನಿಂದ ತಿಕ್ಕುತ್ತಿದ್ದೆ. ಬೀದಿಯವರು ನಿಂತು ನೋಡುತ್ತಿದ್ದರು. ಎದುರು ಮನೆಯ ಹೆಂಗಸು ಒಮ್ಮೆ, "ಗಂಡಸ್ರು ಮಾಡೋ ಕೆಲ್ಸ ಅಲ್ವೇನವ್ವಾ ಅದು?" ಎಂದಾಗ ಅತ್ತೆಯೇ ಉತ್ತರ ಕೊಟ್ಟರು: "ನಮ್ಮನೇಲಿ ಗಂಡ್ಸು ಓಡಿಸ್ತದೆ, ಹೆಂಗ್ಸು ರಿಪೇರಿ ಮಾಡ್ತದೆ. ನಿಮ್ಗೇನಾರ ತೊಂದ್ರೆ ಐತಾ?"

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಆ ಭಾನುವಾರ ಬಂತು.

ಹಿಂದಿನ ಬ್ರೇಕು ಹಿಡಿಯುವಾಗ ಕೀರಲು ಸದ್ದು ಬರುತ್ತಿತ್ತು. ಹೊಸ ಬ್ರೇಕ್ ಶೂ ತಂದು, ಬೆಳಗ್ಗೆ ಮನೆ ಮುಂದೆ ಜಾಕಿ ಕೊಟ್ಟು, ಕೆಳಗೆ ಸೈಜುಗಲ್ಲು ಇಟ್ಟು ಕೂತೆ. ಆ ಕಾರಿನಲ್ಲಿ ಹಿಂದಿನ ಚಕ್ರದ ಡ್ರಮ್ಮನ್ನು, ಅಂದರೆ ಬ್ರೇಕ್ ಶೂ ಮುಚ್ಚುವ ಕಬ್ಬಿಣದ ಬಟ್ಟಲನ್ನು, ಹಿಡಿದಿಡುವುದು ಮಧ್ಯದಲ್ಲಿರುವ ಒಂದೇ ಒಂದು ದೊಡ್ಡ ನಟ್ಟು. ಡ್ರಮ್ಮಿನ ಮೇಲೆ ಚಕ್ರ. ಅಂದರೆ ಇಡೀ ಚಕ್ರ ನಿಂತಿರುವುದು ಆ ನಟ್ಟಿನ ನಂಬಿಕೆಯ ಮೇಲೆ. ನಟ್ಟು ತಾನಾಗಿ ತಿರುಗಿ ಬಿಚ್ಚಿಕೊಳ್ಳದಂತೆ, ಅದರ ಕಚ್ಚಿನೊಳಗೆ ತೂರಿಸಿ ಎರಡು ತುದಿಯನ್ನೂ ಮಡಚುವ ಒಂದು ತಂತಿಯಂಥ ಪಿನ್ನು ಇರುತ್ತದೆ. ಸ್ಪ್ಲಿಟ್ ಪಿನ್ನು ಅನ್ನುತ್ತಾರೆ. ಪ್ರತಿ ಸಲ ಹೊಸದನ್ನೇ ಹಾಕಬೇಕು. ಎರಡು ಚಕ್ರಕ್ಕೆಂದು ಎರಡು ತಂದಿದ್ದೆ.

ಎಡಗಡೆಯದು ಮುಗಿಯಿತು. ಬಲಗಡೆಯದಕ್ಕೂ ಶೂ ಕೂರಿಸಿ, ಡ್ರಮ್ ಹಾಕಿ, ನಟ್ಟು ಬಿಗಿದು, ಇನ್ನೇನು ಪಿನ್ನು ಕೈಗೆತ್ತಿಕೊಳ್ಳಬೇಕು, ಒಳಗಿಂದ ಅತ್ತೆ ಕೂಗಿದರು.

"ನಲ್ಲಿ ನೀರು ಬಂತು ಕಣವ್ವಾ! ಬಿರ್ರನೆ ಬಾ, ನಿಂತೋಯ್ತದೆ!"

ನಾಲ್ಕು ದಿನದಿಂದ ನೀರು ಬಂದಿರಲಿಲ್ಲ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಓಡಿದೆ. ಬಿಂದಿಗೆ, ಕೊಳಗ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿ ಹೊರಗೆ ಬಂದಾಗ ನಮ್ಮವರು ಚಕ್ರವನ್ನೂ ಹಾಕಿ, ಗಾಡಿಯನ್ನು ಜಾಕಿಯಿಂದ ಇಳಿಸಿಬಿಟ್ಟಿದ್ದರು. "ನಟ್ಟಿನ ಮುಚ್ಚಳ ಒಂದು ಬಾಕಿ ಇತ್ತು, ಬಡ್ದು ಕೂರಿಸ್ದೆ," ಎಂದರು, ಸಹಾಯ ಮಾಡಿದ ಸಂತೋಷದಲ್ಲಿ. ನಾನು ಹೂಂ ಅಂದೆ. ನನ್ನ ತಲೆಯಲ್ಲಿ ಆ ಕೆಲಸ ಮುಗಿದುಹೋಗಿತ್ತು.

ಸಾತನೂರು ದಾಟಿ ಒಳಗಿನ ಹಳ್ಳಿಯಲ್ಲಿದ್ದ ಅತ್ತೆಯ ತಂಗಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡಿದ್ದರು. ಅವರನ್ನು ನೋಡಲು ಅತ್ತೆ, ನಮ್ಮವರು, ಮಗಳು ಹನ್ನೊಂದರ ಸುಮಾರಿಗೆ ಹೊರಟರು. ನನಗೆ ಎರಡನೇ ಪಾಳಿ ಇತ್ತು, ಉಳಿದೆ.

ಬೆಳಗ್ಗೆ ಸಾಮಾನು ಇಟ್ಟುಕೊಳ್ಳಲು ಬೀದಿಯಲ್ಲಿ ಹರಡಿದ್ದ ನ್ಯೂಸ್‌ಪೇಪರನ್ನು ಮಡಚಿ ಎತ್ತುವಾಗ ಅದರಿಂದ ಏನೋ ಜಾರಿ ಬಿತ್ತು. ಹೊಸ ಪಿನ್ನು. ಹೊಳೆಯುತ್ತಿತ್ತು, ತುದಿ ಮಡಚಿರಲಿಲ್ಲ.

ಮೊದಲು ಮನಸ್ಸು ಸುಳ್ಳು ಹೇಳಿತು: ಅಂಗಡಿಯವನು ಮೂರು ಕೊಟ್ಟಿರಬಹುದು. ಇಲ್ಲ, ಎರಡೇ. ನಾನೇ ಆರಿಸಿ ತೆಗೆದುಕೊಂಡಿದ್ದೆ. ನಟ್ಟು ಬಿಗಿಯಾಗಿದೆ, ಏನೂ ಆಗುವುದಿಲ್ಲ ಎಂದಿತು. ಅದೂ ಸುಳ್ಳು. ಚಕ್ರ ತಿರುಗಿದಂತೆ, ರಸ್ತೆ ಕುಲುಕಿದಂತೆ ನಟ್ಟು ಸಡಿಲವಾಗುತ್ತದೆ. ಎಷ್ಟು ಹೊತ್ತಿಗೆ ಎಂದು ಹೇಳಲಾಗುವುದಿಲ್ಲ. ಆ ಪುಸ್ತಕದಲ್ಲಿ ಆ ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರು. ಮತ್ತೆ ನೆನಪಾಯಿತು: ಮಗಳು ಯಾವಾಗಲೂ ಕೂರುವುದು ಹಿಂದಿನ ಸೀಟಿನ ಬಲಗಡೆಯ ಕಿಟಕಿಗೆ. ಸರಿಯಾಗಿ ಆ ಚಕ್ರದ ಮೇಲೆ.

ಮೊಬೈಲು ಆಗ ನಮ್ಮ ಮನೆಗೆ ಬಂದಿರಲಿಲ್ಲ. ಮೂಲೆ ಅಂಗಡಿಯ ಕಾಯಿನ್ ಫೋನಿನಿಂದ ಚಿಕ್ಕತ್ತೆಯ ಪಕ್ಕದ ಮನೆಯ ನಂಬರಿಗೆ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎತ್ತಿದ್ದರೂ ಏನು ಪ್ರಯೋಜನ? ಅವರು ಇನ್ನೂ ದಾರಿಯಲ್ಲಿದ್ದರು. ಮನೆಗೆ ಓಡಿ ಬಂದು ಪಿನ್ನು, ಇಕ್ಕಳ, ಸ್ಕ್ರೂಡ್ರೈವರು, ಆ ನಟ್ಟಿನ ಸ್ಪ್ಯಾನರನ್ನು ಊಟದ ಡಬ್ಬಿಯ ಚೀಲಕ್ಕೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ.

ಸಾತನೂರು ಕಡೆಯ ಸರ್ಕಾರಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಆ ಕಡೆಯಿಂದ ಆಗಷ್ಟೇ ಬಂದಿದ್ದ ಬಸ್ಸಿನ ಕಂಡಕ್ಟರನ್ನು ಹಿಡಿದು ಕೇಳಿದೆ.

"ಬರೋ ದಾರೀಲಿ ಬಿಳಿ ಕಾರೇನಾದ್ರೂ ನಿಂತಿತ್ತಾಣ್ಣ? ಏನಾದ್ರೂ ಆಗಿತ್ತಾ?"

"ಬಿಳಿ ಕಾರು ಎಷ್ಟೋ ಓಡಾಡ್ತವೆ ಕಣಮ್ಮ, ಯಾವ್ದು ಅಂತ ನೋಡ್ಲಿ?" ಎಂದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಯಾಕಮ್ಮ, ಯಾರವ್ರೆ ಅದ್ರಲ್ಲಿ?"

ನಾನು ತಿರುಗಿ ಸಾತನೂರು ಬಸ್ಸಿನ ಕಡೆ ನಡೆದೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗುತ್ತದೆ ಅನ್ನಿಸಿತು.

ಬಸ್ಸು ಹೊರಟಿತು. ರಸ್ತೆಯ ಎರಡೂ ಬದಿಯ ಚರಂಡಿ ನೋಡುತ್ತಾ ಹೋದೆ. ಪ್ರತಿ ತಿರುವಿನಲ್ಲೂ ಉಸಿರು ಬಿಗಿ ಹಿಡಿದೆ, ತಿರುವು ದಾಟಿದ ಮೇಲೆ ಬಿಟ್ಟೆ. ಹಿಪ್ಪುನೇರಳೆ ತೋಟ, ಮತ್ತೆ ತಿರುವು, ಮತ್ತೆ ತೋಟ. ಒಂದು ಇಳಿಜಾರಿನ ಕೊನೆಯಲ್ಲಿ ಬಸ್ಸು ನಿಧಾನವಾಯಿತು. ಮುಂದೆ ಜನ ಗುಂಪುಗೂಡಿದ್ದರು. ಅವರ ಕಾಲುಗಳ ನಡುವೆ, ಹಳ್ಳದ ಕಡೆಗೆ ವಾಲಿದ್ದ ಬಿಳಿಯ ಗಾಡಿಯೊಂದರ ಹಿಂಭಾಗ ಕಂಡಿತು.

"ನಿಲ್ಸಿ! ನಿಲ್ಸಿ!" ಎಂದು ನಾನು ಕಿರುಚಿದ್ದು ನನಗೇ ಬೇರೆ ಯಾರೋ ಕಿರುಚಿದಂತೆ ಕೇಳಿಸಿತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಜನರನ್ನು ತಳ್ಳಿಕೊಂಡು ಒಳಗೆ ಹೋದೆ. ರಸ್ತೆಯ ಮೇಲೆಲ್ಲ ಹಾಲು ಹರಿಯುತ್ತಿತ್ತು. ಡೇರಿಯಿಂದ ಹಾಲು ತುಂಬಿಕೊಂಡು ಬರುತ್ತಿದ್ದ ವ್ಯಾನು. ಅದರ ಡ್ರೈವರು ಟವೆಲನ್ನು ತಲೆಗೆ ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಯಾರಿಗೂ ಹೆಚ್ಚಿನ ಪೆಟ್ಟಾಗಿರಲಿಲ್ಲ. ಅವನನ್ನು ಕಂಡು ಮರುಕಪಡಬೇಕಾಗಿತ್ತು. ನಾನೋ, ನಮ್ಮ ಕಾರು ಅಲ್ಲ, ನಮ್ಮ ಕಾರು ಅಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಾ ಮತ್ತೆ ಬಸ್ಸು ಹತ್ತಿದೆ. ಆ ನಿಮಿಷದ ನನ್ನ ಸಮಾಧಾನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಸಾತನೂರಿನಲ್ಲಿ ಇಳಿದು ಆಟೋ ಹಿಡಿದೆ. ಅಲ್ಲಿಂದ ಹಳ್ಳಿಗೆ ಜಲ್ಲಿ ಎದ್ದ ರಸ್ತೆ. ಆಟೋ ಕುಲುಕಿದಾಗಲೆಲ್ಲ, ಇದೇ ಗುಂಡಿಯಲ್ಲಿ ಆ ನಟ್ಟು ಎಷ್ಟು ತಿರುಗಿತೋ ಎಂದು ಲೆಕ್ಕ ಹಾಕಿದೆ.

ಚಿಕ್ಕತ್ತೆಯ ಮನೆಯ ಮುಂದಿನ ಹುಣಸೆ ಮರದ ಕೆಳಗೆ ನಮ್ಮ ಕಾರು ನಿಂತಿತ್ತು. ನಾಲ್ಕು ಚಕ್ರವೂ ಇದ್ದವು. ಮಗಳು ಕರುವಿನ ಕೊರಳು ತಬ್ಬಿಕೊಂಡು ನಿಂತಿದ್ದಳು. ನನ್ನನ್ನು ನೋಡಿ "ಅಮ್ಮಾ!" ಎಂದು ಓಡಿ ಬಂದಳು. ಅವಳ ತಲೆ, ಕೈ, ಬೆನ್ನು ಮುಟ್ಟಿ ನೋಡಿದೆ. ಅತ್ತೆ ಜಗಲಿಯಿಂದ ಎದ್ದು ಬಂದರು.

"ಯಾಕ್ ಮಗಾ, ಏನಾಯ್ತು? ಕೆಲ್ಸಕ್ಕೆ ಹೋಗ್ನಿಲ್ವಾ?"

"ಒಂದ್ನಿಮಿಷ ಇರಿ ಅತ್ತೆ," ಎಂದು ಹೇಳಿ ನೇರ ಕಾರಿನ ಬಳಿ ಹೋಗಿ, ಬಲಗಡೆಯ ಹಿಂದಿನ ಚಕ್ರದ ಮುಂದೆ ಮಂಡಿಯೂರಿದೆ. ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿದೆ. ಒಳಗೆ ಪಿನ್ನಿಲ್ಲದ ನಟ್ಟು. ಬೆಳಗ್ಗೆ ಮೈಯ ಭಾರವನ್ನೆಲ್ಲ ಹಾಕಿ ಬಿಗಿದಿದ್ದೆ. ಈಗ ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದೆ. ತಿರುಗಿತು.

ಪಿನ್ನು, ಇಕ್ಕಳ, ಸ್ಪ್ಯಾನರನ್ನು ಚೀಲದಿಂದ ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟೆ.

ನಮ್ಮವರು ಮುದ್ದೆ ತಿನ್ನುತ್ತಿದ್ದ ಕೈಯಲ್ಲೇ ಹೊರಗೆ ಬಂದರು. "ಏನಮ್ಮಿ ಇದು, ಇಲ್ಲಿಗಂಟ ಬಂದಿದ್ದೀಯ?"

"ಒಂದು ಪಿನ್ನು ಮರ್ತಿದ್ದೆ. ಗಾಡಿ ಓಡಿಸುವಾಗ ಏನಾದ್ರೂ ಅನ್ನಿಸ್ತಾ?"

"ಸಾತನೂರು ದಾಟದ್ಮೇಲೆ ಹಿಂದ್ಲಿಂದ ಕಟಕಟ ಅಂತಿತ್ತು. ರೋಡು ಸರಿಯಿಲ್ಲ ಅನ್ಕಂಡೆ. ಒಂದು ಪಿನ್ನಿಗೋಸ್ಕರ ಇಷ್ಟು ದೂರ ಬಂದ್ಯಾ?"

"ಜಾಕಿ ತೆಗೀರಿ," ಎಂದೆ ಅಷ್ಟೇ.

ಕೈ ತೊಳೆದು ಬಂದು ಜಾಕಿ ಕೊಟ್ಟರು. ನಟ್ಟು ಬಿಗಿದು, ಪಿನ್ನು ತೂರಿಸಿ, ಎರಡು ತುದಿಯನ್ನೂ ಮಡಚಿದೆ. ಚಕ್ರ ಹಿಡಿದು ಅಲ್ಲಾಡಿಸಿದೆ. ಅಲ್ಲಾಡಲಿಲ್ಲ. ಎಡಗಡೆಯ ಮುಚ್ಚಳವನ್ನೂ ಮೀಟಿ ನೋಡಿದೆ. ಅಲ್ಲಿ ಪಿನ್ನು ಇತ್ತು. ಚಿಕ್ಕತ್ತೆ ಮಲಗಿದಲ್ಲಿಂದಲೇ, "ನಿನ್ನ ಸೊಸೆಗೆ ಏನ್ ಹುಚ್ಚಕ್ಕಾ?" ಎಂದು ಕೇಳಿದ್ದು ಕೇಳಿಸಿತು. ಊಟ ಬಡಿಸಿದರು. ವಾಪಸು ಬರುವಾಗ ನಾನು ಹಿಂದಿನ ಸೀಟಿನ ಬಲಗಡೆ ಕೂತು, ಮಗಳನ್ನು ಈಚೆಗೆ ಎಳೆದುಕೊಂಡು, ದಾರಿಯುದ್ದಕ್ಕೂ ಆ ಚಕ್ರದ ಸದ್ದನ್ನೇ ಕೇಳಿಸಿಕೊಂಡೆ. ಹಾಲಿನ ವ್ಯಾನನ್ನು ಆಗಲೇ ಎಳೆದುಕೊಂಡು ಹೋಗಿದ್ದರು.

ಏನಾಗಬಹುದಿತ್ತು ಎಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಮುಚ್ಚಳ ಹಾಕಿದವರು ಯಾರು ಎಂಬ ಮಾತು ಬರುತ್ತಿತ್ತು. ನಾನು ಹೇಳದೆ ಎದ್ದು ಹೋದದ್ದೂ ಬರುತ್ತಿತ್ತು. ಎರಡಕ್ಕೂ ಹೆದರಿದೆ.

ಒಂದು ತಿಂಗಳು ಕಳೆದಿರಬೇಕು. ನಮ್ಮವರು ಸಂಜೆ ಕೆಲಸದಿಂದ ಬಂದವರು ಶೂ ಬಿಚ್ಚದೆ ಹೊಸ್ತಿಲ ಮೇಲೆ ಕೂತರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರ ಇಂಥದೇ ಕಾರು ವರ್ಕ್‌ಶಾಪಿನಲ್ಲಿ ಬಿಚ್ಚಿಕೊಂಡು ನಿಂತಿತ್ತಂತೆ. ಮೆಕ್ಯಾನಿಕ್ಕು ಎಲ್ಲವನ್ನೂ ತೋರಿಸಿದನಂತೆ.

"ಆ ಪಿನ್ನು ಇಲ್ದಿದ್ರೆ ಚಕ್ರನೇ ಆಚೆ ಬತ್ತದಂತೆ."

"ಹೂಂ."

"ಡ್ರಮ್ ಸಮೇತ."

"ಹೂಂ."

ಅವರು ಒಂದು ಕಾಲಿನ ಶೂ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡರು. "ಮುಚ್ಚಳ ಬಡ್ದೋನು ನಾನೇ ಅಲ್ವೇನಮ್ಮಿ? ಒಳ್ಗೆ ಏನೈತೆ ಏನಿಲ್ಲ ಅಂತ ನೋಡ್ದೇನೇ ಬಡ್ದುಬುಟ್ಟೆ."

"ನಾನೂ ಹೇಳ್ದೆ ಎದ್ದೋದ್ನಲ್ಲ," ಎಂದೆ.

ಅವರ ಮುಖ ಬಿಳಿಚಿಕೊಂಡಿತ್ತು. ಅವತ್ತು ನಾನು ಬಸ್‌ಸ್ಟ್ಯಾಂಡಿನಲ್ಲಿ ಪಟ್ಟ ಭಯ ಒಂದು ತಿಂಗಳು ತಡವಾಗಿ ಅವರಿಗೆ ಬಂದು ತಲುಪಿತ್ತು. ಒಳಗೆ ಮಗಳು ಅಜ್ಜಿಯ ಹತ್ತಿರ ಏನೋ ಜಗಳವಾಡುತ್ತಿದ್ದಳು. ಆ ದನಿಯ ಕಡೆಗೆ ಒಮ್ಮೆ ತಿರುಗಿ ನೋಡಿದರು.

"ಇಷ್ಟೆಲ್ಲ ಗೊತ್ತಿದ್ದೂ ಸಾತನೂರುಗಂಟ ಬಸ್ನಲ್ಲಿ ಎಂಗಮ್ಮಿ ಕೂತಿದ್ದೆ?"

"ಕೂತಿರ್ಲಿಲ್ಲ," ಎಂದೆ. "ಸೀಟು ಖಾಲಿ ಇತ್ತು. ಕಂಬಿ ಹಿಡ್ಕೊಂಡು ನಿಂತೇ ಹೋದೆ."